ಶನಿವಾರವೇ ಉರಿಯುವ ಹಳದಿ ದೀಪಕ್ಕೆ

ಮಾನ್ಯರೇ,

ನನ್ನ ಕಾರಿನ ಡ್ಯಾಶ್‌ಬೋರ್ಡೆಂಬ ರಂಗಮಂಚದಲ್ಲಿ ವೇಷ ಕಟ್ಟಿ ನಿಂತು ನಾಲ್ಕೂ ಚಕ್ರಗಳ ಉಸಿರು ಕಾಯುವ, ಹಳದಿ ಕಿರೀಟಧಾರಿ ಟೈರು ಒತ್ತಡದ ದೀಪ ಮಹಾಶಯರ ಸನ್ನಿಧಿಗೆ, ಫಿನ್ಲೆಂಡಿನ ಒಂದು ಸಣ್ಣ ಊರಿನ ಯಾಲ್ಮರಿ ಎಂಬ ಬಡಪಾಯಿ ಉಣ್ಣೆಯ ಟೊಪ್ಪಿ ತೆಗೆದು, ನಡು ಬಗ್ಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮೊದಲ ಹಿಮ ಬೀಳುವ ಮುಂಚೆಯೇ ಬೇಸಿಗೆಯ ಚಕ್ರಗಳನ್ನು ಬಿಚ್ಚಿ ಚಳಿಗಾಲದವನ್ನು ತೊಡಿಸಿದ್ದೇನೆ. ಎರಡೂ ಜೊತೆ ಚಕ್ರಗಳೊಳಗೆ ಕೂತು ಗಾಳಿ ಅಳೆಯುವ ಸೆನ್ಸರುಗಳನ್ನು ಗ್ಯಾರೇಜಿನವರು ತಮಗೆ ಶಾಸ್ತ್ರೋಕ್ತವಾಗಿ ಪರಿಚಯಿಸಿದ್ದಾರೆ. ವಾರವಿಡೀ ತಾವು ಮುನಿಗಳಂತೆ ಮೌನ. ಶನಿವಾರ ಸಂಜೆ ನಾನು ಸೌನಾದ ಒಲೆ ಹೊತ್ತಿಸಿ, ಸೋದರತ್ತೆ ಲೆಂಪಿ ಅದರ ಬಿಸಿ ಹಬೆಯಲ್ಲಿ ಬೆವರು ಹರಿಸಿ, ಮಿಂದು, ತುಟಿಗೆ ಬಣ್ಣ ಹಚ್ಚಿ ಕಾರಿನಲ್ಲಿ ಕೂರಬೇಕು ಎನ್ನುವಷ್ಟರಲ್ಲಿ ತಾವು ಪ್ರತ್ಯಕ್ಷ.

ಅತ್ತೆ ಹೊರಟಿರುವುದು ಪಕ್ಕದೂರಿನ ಟ್ಯಾಂಗೋ ನೃತ್ಯಕ್ಕೆ. ಅಲ್ಲಿ ಓಸ್ಮೋ ಎಂಬ ವಿಧುರರು ಕೋಟಿನ ಜೇಬಿಗೆ ಕರವಸ್ತ್ರ ಸಿಕ್ಕಿಸಿಕೊಂಡು ಅವಳಿಗಾಗಿ ಕಾಯುತ್ತಾರೆ. ಆದರೆ ಅತ್ತೆ ಜೀವಮಾನವೆಲ್ಲ ರೈಲ್ವೆಯ ಸಿಗ್ನಲ್ ಕಾದವಳು. ‘ದೀಪ ಹತ್ತಿರೋ ಗಾಡಿ ಹತ್ತೋಳಲ್ಲ ಕಣೋ ನಾನು’ ಎಂದು ನಿಂತೇ ಬಿಡುತ್ತಾಳೆ. ಗಾಳಿ ಸರಿಯಾಗಿಯೇ ಇದೆ ಅತ್ತೆ ಎಂದರೆ, ‘ಹಂಗಂದ ಡ್ರೈವರುಗಳನ್ನ ಬೇಕಾದಷ್ಟು ನೋಡಿದ್ದೀನಿ, ಆಮೇಲೆ ಆಸ್ಪತ್ರೇಲೂ ನೋಡಿದ್ದೀನಿ’ ಎನ್ನುತ್ತಾಳೆ.

ನಾನು ಗಾಳಿ ತುಂಬಿದೆ, ಬಿಟ್ಟೆ, ಅಳೆದೆ, ಗುಂಡಿ ಒತ್ತಿ ಹಿಡಿದೆ, ಕೈಪಿಡಿಯ ಅಪ್ಪಣೆಯಂತೆ ಊರೆಲ್ಲ ಸುತ್ತಿದೆ. ಭಾನುವಾರ ತಾವು ಮಾಯ; ಮುಂದಿನ ಶನಿವಾರ ಮತ್ತೆ ರಂಗಪ್ರವೇಶ. ಈ ನಡುವೆ ಓಸ್ಮೋ ಅವರು ಸೈಮಿ ಎಂಬ ದಂತವೈದ್ಯೆಯೊಡನೆ ಕುಣಿದರೆಂಬ ವಾರ್ತೆ ಬಂತು. ಅಂದು ಅತ್ತೆ ಸೌನಾದ ಒಲೆಯಲ್ಲಿ ಸುಟ್ಟ ತನ್ನ ಪ್ರೀತಿಯ ಸಾಸೇಜನ್ನೂ ಮುಟ್ಟಲಿಲ್ಲ.

ಕಳೆದ ಶನಿವಾರ ಸೌನಾದ ಹೊರಕೋಣೆಯಲ್ಲಿ, ನಾನೇ ಒಟ್ಟಿಟ್ಟಿದ್ದ ಬೇಸಿಗೆಯ ಚಕ್ರಗಳ ಮೇಲೆ ಕುಳಿತು ಷೂ ಕಟ್ಟುತ್ತಿದ್ದ ಅತ್ತೆ, ‘ಲೋ ಯಾಲ್ಮರಿ, ಇವೂ ನನ್ನ ಜೊತೆ ಸೌನಾಕ್ಕೆ ಬಂದಿವೆಯೇನೋ, ಮುಟ್ಟಿ ನೋಡು, ಹೆಂಗೆ ಕಾದಿವೆ’ ಎಂದಾಗ ಪರದೆ ಸರಿಯಿತು. ಕಾವಿಗೆ ಒಳಗಿನ ಗಾಳಿ ಹಿಗ್ಗಿ, ಒತ್ತಡ ಏರಿ, ಮಲಗಿದ್ದ ಸೆನ್ಸರುಗಳು ಎದ್ದು, ಗೋಡೆಯಾಚೆ ನಿಂತ ಕಾರಿಗೆ ತಮ್ಮ ಗೋಳು ಹೇಳಿಕೊಳ್ಳುತ್ತಿದ್ದವು. ಆಹಾ, ಏನು ನಿಷ್ಠೆ ತಮ್ಮದು. ಕಾಲಿಗೆ ತೊಟ್ಟ ಚಕ್ರಗಳು ಸುಖವಾಗಿರಲು, ಬಿಚ್ಚಿಟ್ಟವು ಬೆವರಿದ್ದಕ್ಕೆ ಕಣ್ಣು ಕೆಂಡ ಮಾಡಿಕೊಂಡವರು ಮೂರು ಲೋಕದಲ್ಲೂ ತಾವೊಬ್ಬರೇ.

ಆದಕಾರಣ ತಾವು ದಯಮಾಡಿ ನೃತ್ಯಶಾಲೆಗೆ ಬಿಜಯಂಗೈದು, ಓಸ್ಮೋ ಅವರೆದುರು ಮಿನುಗಿ ತಪ್ಪೊಪ್ಪಿಕೊಳ್ಳಬೇಕು. ಅಷ್ಟಾಗದಿದ್ದರೆ, ಇನ್ನು ಮುಂದೆ ಪ್ರತಿ ಶನಿವಾರ ಸೈಮಿ ಅವರ ಕಾರಿನಲ್ಲಿ ಉರಿಯಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಯಾಲ್ಮರಿ

ವಿ.ಸೂ.: ಬೇಸಿಗೆಯ ಚಕ್ರಗಳಿಗೆ ತಂಪಾದ ಜಾಗ ಹುಡುಕುವ ಹೊಣೆಯನ್ನು ಅತ್ತೆಯೇ ಹೊತ್ತಳು. ಅವೀಗ ಓಸ್ಮೋ ಅವರ ಶೆಡ್ಡಿನಲ್ಲಿವೆ; ಅವುಗಳ ಕ್ಷೇಮ ವಿಚಾರಿಸಲು ಅವಳು ದಿನವೂ ನನ್ನ ಕಾರಿನಲ್ಲೇ ಹೋಗುತ್ತಾಳೆ. ನಿನ್ನೆಯ ಕೊರೆವ ಚಳಿಗೆ ಟೈರಿನ ಗಾಳಿ ನಿಜಕ್ಕೂ ಇಳಿದು, ತಾವು ಈ ಚಳಿಗಾಲದಲ್ಲಿ ಮೊದಲ ಬಾರಿಗೆ ಸತ್ಯ ನುಡಿದಿರಿ. ಅತ್ತೆ ಕೈಗವಸು ಬಿಚ್ಚಿ ತಮ್ಮ ಮುಖಕ್ಕೆ ಹೊದಿಸಿ, ‘ನಡಿಯೋ, ಅಲ್ಲಿ ಓಸ್ಮೋ ಕಾಸಿಟ್ಟ ಕಾಫಿ ಆರಿಹೋಗುತ್ತೆ’ ಎಂದಳು.