ನಿಲುವಂಗಿ ತೊಟ್ಟ ರಾಜಪ್ಪ

ಆ ಬಿಳಿ ನಿಲುವಂಗಿಯನ್ನು ತೊಡದೇ ಇದ್ದಿದ್ದರೆ ಮೂಡಲಗಿಯ ರಾಜಪ್ಪನ ಆ ದಿನ ಸುಖವಾಗಿ ಕಳೆಯುತ್ತಿತ್ತು. ಆದರೆ ಅದು ಹೋಟೆಲಿನ ಬಚ್ಚಲಮನೆಯ ಬಾಗಿಲ ಹಿಂದೆ ಬೆಣ್ಣೆಯಷ್ಟು ಮೆತ್ತಗೆ ನೇತಾಡುತ್ತಿತ್ತು. ಸ್ನಾನ ಮುಗಿಸಿ ಹಣೆಗೆ ವಿಭೂತಿ ಎಳೆದುಕೊಂಡ ರಾಜಪ್ಪನಿಗೆ ಅದನ್ನು ಬಿಟ್ಟು ಬೇರೇನನ್ನೂ ಹಾಕಿಕೊಳ್ಳುವ ಮನಸ್ಸಾಗಲಿಲ್ಲ.

ಹೋಟೆಲು ಮಹಾಬಳೇಶ್ವರದ ಕಡೆಯ ಒಂದು ಬೆಟ್ಟದ ನೆತ್ತಿಯ ಮೇಲಿತ್ತು. ಮಗಳು ಪದ್ಮಶ್ರೀ ಹುಕ್ಕೇರಿಯಲ್ಲಿ ಕೃಷಿ ಅಧಿಕಾರಿಯಾಗಿ ಸೇರಿದ ಖುಷಿಗೆ ಅಪ್ಪ ಅವ್ವ ಇಬ್ಬರನ್ನೂ ಒಂದು ದಿನದ ಮಟ್ಟಿಗೆ ಅಲ್ಲಿಗೆ ಕಳಿಸಿದ್ದಳು. ಹೊರಡುವ ಮುನ್ನ ರಾಜಪ್ಪ ಅರ್ಧ ಊರಿಗೆ ಈ ಸುದ್ದಿ ಮುಟ್ಟಿಸಿದ್ದ. ಉಳಿದರ್ಧಕ್ಕೆ ಬಾಜೂ ಮನೆಯ ಯಲ್ಲಪ್ಪ ಮುಟ್ಟಿಸಿದ್ದ, ಹೊಟ್ಟೆಕಿಚ್ಚು ಬೆರೆಸಿ.

ಬಂದಿಳಿದಾಗಿನಿಂದ ರಾಜಪ್ಪನ ಉಬ್ಬಿದ ಎದೆ ಇಳಿದಿರಲೇ ಇಲ್ಲ. ಹೋಟೆಲಿನವನೊಬ್ಬ ಕಿಟಕಿಯ ಪರದೆ ಸರಿಸಿ, ಎದುರಿನ ಕಣಿವೆಯಲ್ಲಿ ಇಳಿಯುವ ಜಲಪಾತವನ್ನು ತೋರಿಸಿ ಬಹಳ ಹೊಗಳಿದ. ಅವನ ಮಾತು ಮುಗಿಯುವವರೆಗೆ ರಾಜಪ್ಪ ಸಮಾಧಾನದಿಂದ ಕೇಳಿದ. ಆಮೇಲೆ, ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ಕಲಿತ ಮರಾಠಿಯಲ್ಲಿ, ತಾವು ಗೋಕಾಕ ಫಾಲ್ಸ್ ಕಡೆಯವರೆಂದೂ, ಅದನ್ನು ಕಂಡ ಕಣ್ಣಿಗೆ ಇದು ನಳ ಸೋರಿದ ಹಾಗೆ ಕಾಣುತ್ತದೆಂದೂ ತಿಳಿಸಿದ. ಹೆಂಡತಿ ಶಂಕ್ರವ್ವ ಹಾಸಿಗೆ ಹೇಗಿದೆ ನೋಡೋಣವೆಂದು ಅದರ ಮೇಲೆ ಕುಳಿತವಳು, ಹಿಟ್ಟಿನಲ್ಲಿ ಬಿದ್ದ ಬೆಲ್ಲದ ಹೆಂಟೆಯಂತೆ ಹುದುಗಿ, ಹಾಗೇ ನಿದ್ದೆ ಹೋದಳು.

ನಿಲುವಂಗಿ ತೊಟ್ಟ ತನ್ನ ಚೆಲುವನ್ನು ನೋಡುವವರು ಯಾರೂ ಇಲ್ಲವಲ್ಲ ಎಂದು ರಾಜಪ್ಪ ಕೋಣೆಯ ಹೊರಗಿನ ದೊಡ್ಡ ಕನ್ನಡಿಯ ಮುಂದೆ ಹೋಗಿ ನಿಂತ. ಹಿಂದೆ ಬಾಗಿಲು ಟಕ್ ಎಂದು ತಾನಾಗಿ ಮುಚ್ಚಿಕೊಂಡಿತು. ಬಾಗಿಲು ತೆರೆಯುವ ಕಾರ್ಡು ಒಳಗೆ, ಫೋನು ಒಳಗೆ. ಎಷ್ಟು ಬಡಿದರೂ ಶಂಕ್ರವ್ವನ ಗೊರಕೆಯೇ ಉತ್ತರ. ಬರಿಗಾಲಲ್ಲೇ ಕೆಳಗಿಳಿದ.

ಕೆಳಗೆ ಮ್ಯಾನೇಜರು, ಅತಿಥಿಗಳಿಗೆ ಯೋಗ ಹೇಳಿಕೊಡಬೇಕಿದ್ದ ಗುರುಗಳು ಇನ್ನೂ ಬರಲಿಲ್ಲವೆಂದು ಬೆವರು ಒರೆಸಿಕೊಳ್ಳುತ್ತ ತಿರುಗಾಡುತ್ತಿದ್ದ. ಬಿಳಿ ಬಟ್ಟೆ, ವಿಭೂತಿ, ನರೆತ ಮೀಸೆ, ಬರಿಗಾಲು ಕಂಡವನೇ ಎರಡೂ ಕೈ ಜೋಡಿಸಿದ. ಬಾಗಿಲು ಮುಚ್ಚಿಕೊಂಡಿದೆ, ಒಳಗೆ ಹೋಗುವ ದಾರಿ ತಿಳಿಯುತ್ತಿಲ್ಲ ಎಂದು ರಾಜಪ್ಪ ಮರಾಠಿಯಲ್ಲಿ ಹೇಳಿಕೊಂಡ. ಮ್ಯಾನೇಜರು ಅದನ್ನು ವೇದಾಂತವೆಂದೇ ತಿಳಿದು, ಎಲ್ಲರೂ ಅದಕ್ಕಾಗಿಯೇ ಕಾಯುತ್ತಿದ್ದಾರೆ ಎಂದು ಅವನನ್ನು ಹುಲ್ಲುಹಾಸಿಗೆ ಕರೆದೊಯ್ದ.

ಅಲ್ಲಿ ಪುಣೆ, ಮುಂಬಯಿಯ ಶ್ರೀಮಂತರು ಚಾಪೆ ಹಾಸಿಕೊಂಡು ಕುಳಿತಿದ್ದರು. ಏನಾಗುತ್ತಿದೆ ಎಂದು ರಾಜಪ್ಪನಿಗೆ ಹೊಳೆಯುವಷ್ಟರಲ್ಲಿ ಕೊರಳಿಗೆ ಹಾರ ಬಿತ್ತು. ಹಾರ ಬಿದ್ದ ಕೊರಳಿನಿಂದ 'ಅವನು ನಾನಲ್ಲ' ಎಂಬ ಮಾತು ಹೊರಡುವುದು ಬಲು ಕಷ್ಟ. ಅದರಲ್ಲೂ ರಾಜಪ್ಪನಿಗೆ ಮದುವೆಯ ದಿನ ಬಿಟ್ಟರೆ ಯಾರೂ ಹಾರ ಹಾಕಿರಲಿಲ್ಲ.

ಅವನಿಗೆ ಬರುತ್ತಿದ್ದದ್ದು ಹೊಲದ ಕೆಲಸ. ಅದನ್ನೇ ಹೇಳಿಕೊಟ್ಟ. ಎಲ್ಲರನ್ನೂ ಕುಕ್ಕರಗಾಲಲ್ಲಿ ಕೂರಿಸಿ, ಎಡಗೈಯಿಂದ ಕಸ ಹಿಡಿದು, ಬಲಗೈಯಿಂದ ಬುಡಕ್ಕೆ ಕಳೆ ಕೀಳುವ ಕುರಪಿ ಹಾಕಿದಂತೆ ಮಾಡಿ, ಬೇರು ಕಿತ್ತಾಗ ಉಸಿರು ಬಿಡಲು ಹೇಳಿದ. ಹಾಗೇ ಮುಂದೆ ಮುಂದೆ ಸರಿಸಿದ. ಆಮೇಲೆ ಇಲ್ಲದ ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊರಿಸಿದ. ಒಬ್ಬ ದಪ್ಪ ಸಾಹುಕಾರ ಕುಂಬಳಕಾಯಿಯಂತೆ ಉರುಳಿ, ಎದ್ದು, ಇಂಥ ಆಸನ ಎಲ್ಲೂ ನೋಡಿಲ್ಲವೆಂದು ಹೊಗಳಿದ. ವರ್ಷಗಟ್ಟಲೆ ಮಡಚದ ತನ್ನ ಮೊಣಕಾಲು ಇಂದು ಮಡಚಿತೆಂದು ಒಬ್ಬ ಹೆಂಗಸು ಕಣ್ಣೀರು ತಂದುಕೊಂಡಳು. ಅದು ಮತ್ತೆ ನೆಟ್ಟಗಾಗುವುದೋ ಇಲ್ಲವೋ ಅವಳಿಗಿನ್ನೂ ಗೊತ್ತಿರಲಿಲ್ಲ.

ಹಿಂದಿನ ಸಾಲಿನಲ್ಲಿ ಪ್ಯಾಂಟು ಶರ್ಟಿನ ಒಬ್ಬ ಸಣಕಲು ಮನುಷ್ಯ ಎಲ್ಲವನ್ನೂ ಚೂರೂ ತಪ್ಪದೆ ಮಾಡುತ್ತಿದ್ದ. ಜನ ಕಷಾಯ ಕುಡಿಯಲು ಎದ್ದಾಗ ಅವನು ರಾಜಪ್ಪನ ಮರಾಠಿಯ ಧಾಟಿ ಗುರುತಿಸಿ ಹತ್ತಿರ ಬಂದ.

"ಯಾವೂರ್ರಿ ಕಾಕಾ?"

ಕನ್ನಡ ಕೇಳಿ ರಾಜಪ್ಪನಿಗೆ ಜೀವ ಬಂದಂತಾಯಿತು. "ಮೂಡಲಗಿರಿ. ತಮ್ಮದು?"

"ಬೆಲ್ಲದ ಬಾಗೇವಾಡಿ. ಉದ್ದಪ್ಪ ಅಂತ. ಇವತ್ತ ಇಲ್ಲಿ ಯೋಗ ಹೇಳಾಕ ಬರಬೇಕಾದಾಂವ ನಾನ ರಿ. ಗಾಡಿ ಕೆಟ್ಟ ತಡಾ ಆತು."

ಬಂದ ಜೀವ ಹಾಗೇ ಹೋಯಿತು. ರಾಜಪ್ಪ ತಡವರಿಸುತ್ತ ಬಾಗಿಲು ಮುಚ್ಚಿಕೊಂಡ ಕತೆಯನ್ನೆಲ್ಲ ಹೇಳಿ ಹಾರ ತೆಗೆಯಹೋದ. ಉದ್ದಪ್ಪ ಅವನ ಕೈ ಹಿಡಿದ.

"ತಗೀಬ್ಯಾಡ್ರಿ ಕಾಕಾ. ಮಂದಿಗೆ ಆರಾಮ ಮಾಡ್ರಿ ಅಂತ ಹೇಳಿ ಹೇಳಿ ನನ್ನ ನಡಾನ ಹೋಗೈತಿ. ನಾ ಹೇಳಿದ್ದ ಇವರು ಬರೇ ಕೇಳ್ತಾರ. ನೀವು ಹೇಳಿದ್ದ ಮಾಡಿದ್ರು. ಇವತ್ತೊಂದ ದಿನಾ ನೀವ ನಡಸ್ರಿ, ನಾ ಆ ಗಿಡದ ನೆಳ್ಳಿಗೆ ಮಲಕೋತೇನಿ."

ಖರೆ ಗುರುವೇ ಹೀಗೆ ಹೊಗಳಿದ ಮೇಲೆ ರಾಜಪ್ಪನ ಎದೆ ನಿಲುವಂಗಿಯೊಳಗೆ ಹಿಡಿಸದಾಯಿತು. ಆಗಲಿ ಎಂದ. ಉದ್ದಪ್ಪ ಮರದಡಿಯ ಉದ್ದ ಕುರ್ಚಿಯಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದ.

ಅಷ್ಟರಲ್ಲಿ ಮ್ಯಾನೇಜರು ಓಡಿ ಬಂದ. ಗಾಳಿಯಲ್ಲಿ ಕಸ ಕಿತ್ತರೆ ತೃಪ್ತಿಯಾಗುತ್ತಿಲ್ಲ, ನಿಜವಾದ ಕಸವೇ ಬೇಕೆಂದು ಅತಿಥಿಗಳು ಹಟ ಹಿಡಿದಿದ್ದರು. ಹೋಟೆಲಿನ ಹಿಂದೆ ತರಕಾರಿ ತೋಟವಿತ್ತು, ಅದರ ತುಂಬ ಕಸವಿತ್ತು. ಎಲ್ಲರ ಕೈಗೂ ಒಂದೊಂದು ಕುರಪಿ ಬಂತು. ರಾಜಪ್ಪ ಗುರುವಿನ ಗತ್ತಿನಲ್ಲಿ ಮುಂದೆ ಕುಳಿತ. ಮೊದಲ ಸಾಲು ಮುಗಿಯುವಷ್ಟರಲ್ಲಿ ಶ್ರೀಮಂತರೆಲ್ಲ ಸುಸ್ತಾಗಿ, ಕುರ್ಚಿ ತರಿಸಿಕೊಂಡು, ಗುರುಗಳು ಮಾಡುವುದನ್ನು ನೋಡುವುದೇ ಒಂದು ಧ್ಯಾನವೆಂದು ಸುತ್ತ ಕುಳಿತುಬಿಟ್ಟರು. ಅಷ್ಟು ಕಣ್ಣುಗಳು ನೋಡುತ್ತಿರುವಾಗ ಕೈ ನಿಲ್ಲಿಸುವುದು ಹೇಗೆ? ರಾಜಪ್ಪ ಒಬ್ಬನೇ ಬದನೆಯ ಸಾಲು ಮುಗಿಸಿ ಟೊಮೆಟೊ ಸಾಲಿಗೆ ಬಂದ. ನಿಲುವಂಗಿ ಮಣ್ಣಿನ ಬಣ್ಣಕ್ಕೆ ತಿರುಗಿತು.

ನಿದ್ದೆಯಿಂದೆದ್ದ ಶಂಕ್ರವ್ವ ಚಹಾದ ಕಪ್ಪು ಹಿಡಿದು ಮೇಲಿನ ಗ್ಯಾಲರಿಗೆ ಬಂದಳು. ಗಂಡ ಕಸ ತೆಗೆಯುವುದು ಅವಳಿಗೆ ಹೊಸ ನೋಟವೇನಲ್ಲ. ಸ್ವಲ್ಪ ಹೊತ್ತು ನೋಡಿ, ಅವನ ಫೋನು ರಿಂಗಾದದ್ದಕ್ಕೆ ಮಾತ್ರ ಕೆಳಗಿಳಿದು ಬಂದು ಅವನ ಕಿವಿಗೆ ಹಿಡಿದಳು.

"ಯಲ್ಲಪ್ಪನ ಫೋನ್ ಐತ್ರಿ."

ಹೋಟೆಲು ಹೇಗಿದೆ ಎಂದು ಯಲ್ಲಪ್ಪ ಕೇಳಿದ. ರಾಜಪ್ಪ ಮುಖದ ಮಣ್ಣು ಒರೆಸಿಕೊಂಡು ದನಿ ಏರಿಸಿದ.

"ಭಾರಿ ಐತಿಪಾ. ನಾ ಏಕದಂ ಆರಾಮ ಅದೇನಿ. ಸುತ್ತ ಮಂದಿ ಕುಂತಾರ, ನನ್ನ ಮ್ಯಾಲಿನ ಕಣ್ಣ ತಗೀವಲ್ರು."

ಆ ಕಡೆ ದೀರ್ಘವಾದ ನಿಟ್ಟುಸಿರು ಕೇಳಿಸಿತು. ಬಂದದ್ದು ಸಾರ್ಥಕವಾಯಿತು ಎಂದುಕೊಂಡ ರಾಜಪ್ಪ.

"ಛಲೋ ಆತು ಬಿಡ್ರಿ," ಎಂದ ಯಲ್ಲಪ್ಪ. "ನನ್ನ ಕಬ್ಬಿನಾಗ ಕಸ ಆಳೆತ್ತರ ಎದ್ದೈತಿ, ಆಳ ಸಿಗವಲ್ರು. ಹೆಂಗೂ ಆರಾಮ ತಗೊಂಡ ಬರಾಕತ್ತೀರಿ. ನಾಳೆ ಬಂದಾವ್ರ ಸೀದಾ ನಮ್ಮ ಹೊಲಕ್ಕ ಬರ್ರಿ."

ಸುತ್ತ ಕುಳಿತವರು ಕೈ ಜೋಡಿಸಿ ನೋಡುತ್ತಲೇ ಇದ್ದರು. ರಾಜಪ್ಪ ಆಗಲಿ ಎಂದು ಗತ್ತಿನಿಂದ ಹೇಳಿ, ಮೆಣಸಿನಕಾಯಿ ಸಾಲಿಗೆ ಸರಿದ.