ಹಜಾರದಲ್ಲೊಬ್ಬ ಗುರಿಕಾರ

"ಈ ಸಲದ ಪದಕ ನನ್ನದೇ! ಬೇಕಿದ್ದರೆ ಈಗಲೇ ಬರೆದಿಟ್ಕೋ!"

ಹೀಗೆಂದು ನಾನು ಘೋಷಿಸಿದ್ದು ಹಜಾರದ ನಟ್ಟನಡುವೆ, ಕ್ಲಬ್ಬಿನಿಂದ ತಂದ ಖಾಲಿ ಏರ್ ರೈಫಲ್ಲನ್ನು ಕೆನ್ನೆಗೊತ್ತಿಕೊಂಡು, ಎದುರು ಗೋಡೆಯ ಕಪ್ಪು ಚುಕ್ಕೆಗೆ ಗುರಿ ಹಿಡಿದು.

"ಬರೆದಿಟ್ಕೊಳ್ಳೋಕೆ ಪೆನ್ನು ಆ ಕಡೆ ಇದೆ. ಸ್ವಲ್ಪ ದಾರಿ ಬಿಟ್ರೆ ತಗೋತೀನಿ" ಎಂದಳು ಅಡುಗೆಮನೆ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಹೆಂಡತಿ.

ಪಾಪ, ಅವಳದೂ ತಪ್ಪಿಲ್ಲ. ನಾನು ಗುರಿ ಹಿಡಿದಾಗ ಯಾರೂ ಅಡ್ಡ ಹಾಯುವಂತಿಲ್ಲ, ಮಿಕ್ಸಿ ಹಾಕುವಂತಿಲ್ಲ, ಸೀನು ಬಂದರೆ ಬಚ್ಚಲಿಗೆ ಓಡಬೇಕು! ಆದರೆ ನನ್ನ ಕಷ್ಟವನ್ನೂ ಕೇಳಿ. ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವವನು ನಾನು. ನಲ್ಲಿಯಲ್ಲಿ ನೀರು ಬಾರದಿದ್ದರೆ ಊರಿಗೆ ಊರೇ ಬಂದು ನನ್ನ ಮುಖಕ್ಕೆ ಕೂಗುತ್ತದೆ. ರೈಫಲ್ ಎತ್ತಿದರೆ ಮಾತ್ರ ಇಡೀ ಜಗತ್ತು ಬಟಾಣಿ ಗಾತ್ರದ ಚುಕ್ಕೆಯಾಗುತ್ತದೆ. ಅರ್ಧ ಉಸಿರು ಬಿಟ್ಟು ಬೆರಳನ್ನು ಮೆಲ್ಲಗೆ ಒತ್ತುವ ಆ ಗಳಿಗೆಯಲ್ಲಿ ಯಾರ ಗಲಾಟೆಯೂ ಇಲ್ಲ. ಆ ನಿಶ್ಶಬ್ದ ನನಗೆ ಪ್ರಾಣ.

ಕೊನೆಗೆ ಅವಳು ಷರತ್ತು ಹಾಕಿದಳು. "ನೋಡ್ರೀ, ಸ್ಪರ್ಧೆಯಿಂದ ಈ ಮನೆಗೆ ಪದಕ ಬಂದ್ರೆ ರೈಫಲ್ ಇರ್ಲಿ. ಬರ್ಲಿಲ್ವೋ, ಅದು ಕ್ಲಬ್ಬಿಗೆ ವಾಪಸ್, ಹಜಾರ ನಂಗೆ ವಾಪಸ್!"

"ಒಪ್ಪಿದೆ!" ಎಂದೆ, ಸಾಮ್ರಾಜ್ಯವನ್ನೇ ಪಣಕ್ಕಿಟ್ಟ ಚಕ್ರವರ್ತಿಯ ಗತ್ತಿನಲ್ಲಿ.

ಸ್ಪರ್ಧೆಯ ದಿನ ಅವಳೂ ಕ್ಲಬ್ಬಿಗೆ ಬಂದಳು, ರೈಫಲ್ಲನ್ನು ಅಲ್ಲೇ ಬಿಟ್ಟು ಬರುವ ಶುಭಕಾರ್ಯ ಕಣ್ಣಾರೆ ನೋಡಲು. ಅದು ಹೊಸಬರ ಪಂದ್ಯ, ತಲಾ ಐದು ಗುಂಡು, ಮನೆಯವರೂ ಭಾಗವಹಿಸಬಹುದಿತ್ತು. ನನ್ನ ಪಕ್ಕದ ಜಾಗ ಖಾಲಿ ಇತ್ತು. ನಮ್ಮ ತರಬೇತುದಾರ ಮೀಸೆ ಮೇಷ್ಟ್ರು, "ಬನ್ನಿ ಮೇಡಂ, ಸುಮ್ನೆ ಯಾಕೆ ಕೂತಿದ್ದೀರಾ?" ಎಂದು ಕರೆದು, ರೈಫಲ್ ಹಿಡಿಯುವ ರೀತಿ ತೋರಿಸಿ ಅವಳನ್ನು ನಿಲ್ಲಿಸಿಯೇಬಿಟ್ಟರು.

ನನಗೆ ಕರುಣೆ ಉಕ್ಕಿತು. "ಹೆದರ್ಬೇಡ ಕಣೇ. ಕಾಲು ಹೀಗಿಡು, ಭುಜ ಸಡಿಲ ಬಿಡು" ಎಂದು ಅವಳ ಕಡೆಗೇ ತಿರುಗಿ ಪಾಠ ಮಾಡಿದೆ.

"ರೀ, ನಿಮ್ಮದು ನೀವು ನೋಡ್ಕೊಳ್ಳಿ."

ಆರಂಭದ ಸೀಟಿ ಮೊಳಗಿತು. ನಿಂತ ಭಂಗಿಯಲ್ಲೇ ರೈಫಲ್ ಎತ್ತಿದೆ. ಐದೂ ಗುಂಡು ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ನಯವಾಗಿ ಹೊರಟವು. ಆಹಾ! ಪದಕಕ್ಕೆ ಮೊಳೆ ಹೊಡೆಯುವ ಜಾಗವನ್ನೂ ಮನಸ್ಸಿನಲ್ಲೇ ಗೊತ್ತುಮಾಡಿದೆ.

ಮೇಷ್ಟ್ರು ಗುರಿಗೆ ಹಾಕಿದ್ದ ಕಾರ್ಡುಗಳನ್ನು ತಂದರು. ನನ್ನ ಕಾರ್ಡಿನಲ್ಲಿ ಒಂದು ತೂತೂ ಇರಲಿಲ್ಲ! ಹೆಂಡತಿಯ ಕಾರ್ಡಿನಲ್ಲಿ ಹತ್ತು, ಐದು ನಟ್ಟನಡುವೆ, ಐದು ಅಂಚಿನಲ್ಲಿ! ಪಾಠ ಮಾಡಲು ತಿರುಗಿದವನು ನೆಟ್ಟಗೆ ತಿರುಗದೆ ಅವಳ ಕಾರ್ಡಿಗೇ ಹೊಡೆದಿದ್ದೆ.

"ಯಾರ ಗುಂಡು ಯಾವುದು ಅಂತ ಗೊತ್ತಾಗದಿದ್ರೆ, ಒಳ್ಳೆಯ ಐದು ಗುಂಡು ಆ ಕಾರ್ಡಿನವರಿಗೇ ಸೇರುತ್ತೆ. ಅದು ನಿಯಮ. ನಿಮ್ಮದು ಸೊನ್ನೆ ಸಾರ್" ಎಂದರು ಮೇಷ್ಟ್ರು. ಚಿನ್ನದ ಪದಕ ಹೆಂಡತಿಯ ಕೊರಳಿಗೆ ಬಿತ್ತು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ನಡುವಿನ ಐದೂ ನನ್ನವೇ! ಅಂಚಿನವು ನಿನ್ನವು. ಇರ್ಲಿ ಬಿಡು, ಹೆಂಡತಿಗೆ ಕೊಟ್ಟೆ ಅಂದ್ಕೋತೀನಿ" ಎಂದು ಎಲ್ಲರಿಗೂ ಕೇಳುವಂತೆ ಉದಾರಿಯಾದೆ.

ಅವಳು ಪದಕ ತೆಗೆದು ಮೇಜಿನ ಮೇಲಿಟ್ಟಳು. "ಮೇಷ್ಟ್ರೇ, ಇನ್ನೊಂದು ಕಾರ್ಡ್ ಹಾಕಿ. ಇವರನ್ನ ಸ್ವಲ್ಪ ಆಚೆ ಕೂರ್ಸಿ."

ಮತ್ತೆ ಐದು ಗುಂಡು. ಐದೂ ನಡುವೆ, ಒಂದರ ಮೈಗೊಂದು ತಾಗಿಕೊಂಡು! ಮೇಷ್ಟ್ರು ಮೀಸೆ ತಿರುವುವುದನ್ನೂ ಮರೆತರು. ನಾನು ಮೊದಲ ಕಾರ್ಡಿನ ಅಂಚಿನ ತೂತುಗಳನ್ನು ನೋಡುತ್ತ ಕುಳಿತೆ. ಅವುಗಳಲ್ಲೊಂದು ಕಾರ್ಡಿನ ಮೂಲೆಗೇ ಬಿದ್ದಿತ್ತು.

ಮನೆಗೆ ಬರುವಾಗ, ಮತ್ತೆ ಅವಳ ಕೊರಳಿಗೇರಿದ್ದ ಪದಕ ನೋಡುತ್ತ ಮೆಲ್ಲಗೆ ಕೇಳಿದೆ, "ಮನೆಗೆ ಪದಕ ಬಂತಲ್ಲ, ಹಾಗಾದ್ರೆ ರೈಫಲ್..."

"ಇರತ್ತೆ. ಅಲ್ಲಿ ನಿಂತಾಗ ಐದು ನಿಮಿಷ ನನ್ನನ್ನ ಯಾರೂ ಕರೀಲಿಲ್ಲ ಕಣ್ರೀ. ಎಷ್ಟು ಹಾಯಾಗಿತ್ತು ಗೊತ್ತಾ? ನೀವ್ಯಾಕೆ ಹುಚ್ಚು ಹಿಡಿಸ್ಕೊಂಡಿದ್ದೀರಾ ಅಂತ ಇವತ್ತು ಅರ್ಥ ಆಯ್ತು."

ನನ್ನ ಕಣ್ಣು ತುಂಬಿ ಬಂತು. ಇವಳಂಥ ಹೆಂಡತಿ ಯಾರಿಗಿದ್ದಾಳೆ! "ನಾಳೆಯಿಂದ ಇಬ್ರೂ ಒಟ್ಟಿಗೆ ಅಭ್ಯಾಸ ಮಾಡೋಣ. ಎಲ್ಲಾ ನಾನೇ ಹೇಳ್ಕೊಡ್ತೀನಿ!" ಎಂದೆ.

"ಧಾರಾಳವಾಗಿ ಹೇಳ್ಕೊಡಿ" ಎಂದು ಅವಳು ನನ್ನ ತೋಳು ಹಿಡಿದುಕೊಂಡಳು. "ಅದಕ್ಕೆ ಮುಂಚೆ ನಿಮ್ಮ ಕಾರ್ಡ್ ಯಾವುದು ಅಂತ ನಾನು ಹೇಳ್ಕೊಡ್ತೀನಿ."