ಶಾಫ್ಟ್ ಬಿಚ್ಚದೆ ಎಳೆಯದ ಮಾವ

ನಮ್ಮ ಸೋದರಮಾವನ ಮುಖ ನೋಡಿ ಸಂತೋಷಪಟ್ಟವರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲ್ಲೂಕಿನಲ್ಲಿ ಒಬ್ಬರಿದ್ದರೆ ತೋರಿಸಿ, ನಾನು ಬರೆಯುವುದನ್ನೇ ಬಿಟ್ಟುಬಿಡುತ್ತೇನೆ! ತಪ್ಪು ಮುಖದ್ದಲ್ಲ, ಕಸುಬಿನದು. ಕೆಟ್ಟು ನಿಂತ ಲಾರಿಗಳನ್ನು ಎಳೆದು ತರುವ ಕ್ರೇನ್ ಗಾಡಿಯೊಂದನ್ನು ಮಾವ ಯರಗಟ್ಟಿಯಲ್ಲಿ ಇಟ್ಟುಕೊಂಡಿದ್ದಾನೆ. ಅವನು ಬಂದನೆಂದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಲೆಕ್ಕ.

ಸಾಲದ್ದಕ್ಕೆ ಅವನ ಬಾಯಿ ಬೇರೆ. ಮೋಡ ಕಂಡರೆ "ಸಿಡ್ಲ ಬಡೀತೈತಿ" ಅನ್ನುತ್ತಾನೆ, ಮೋಡ ಚದುರಿದರೆ "ಬಿಸಲಿಗೆ ಸಾಯತೇವಿ" ಅನ್ನುತ್ತಾನೆ. ಒಮ್ಮೆ ರಾಮದುರ್ಗದಲ್ಲಿ ನೆಂಟರ ಮದುವೆಗೆ ಕ್ರೇನಿನಲ್ಲೇ ಹೋಗಿ ಮಂಟಪದ ಮುಂದೆ ಇಳಿದ. ಹೆಣ್ಣಿನ ತಂದೆ ಗಾಬರಿಯಾಗಿ ಓಡಿಬಂದರು.

"ಯಾರ ಗಾಡಿ ಕೆಟ್ಟೈತ್ರಿ?"

"ಇನ್ನೂ ಇಲ್ರಿ," ಎಂದ ಮಾವ.

ಆ "ಇನ್ನೂ" ಕೇಳಿದ ಮೇಲೆ ಆ ಮನುಷ್ಯನಿಗೆ ಹೋಳಿಗೆ ಗಂಟಲಲ್ಲಿ ಇಳಿದೀತೇ? ಗಂಡಿನ ಕಡೆಯವರ ಬಸ್ಸು ಊರು ದಾಟುವವರೆಗೂ ಆತ ಬಾಗಿಲಲ್ಲೇ ನಿಂತಿದ್ದರು.

ಇದೆಲ್ಲ ಸಹಿಸಬಹುದು. ಅವನ ಶಾಫ್ಟಿನ ಹುಚ್ಚನ್ನು ಸಹಿಸುವುದು ಮಾತ್ರ ಕಷ್ಟ. ಬೇರೆಯವರಾದರೆ ಸರಪಳಿ ಬಿಗಿದು, ಗೇರನ್ನು ನ್ಯೂಟ್ರಲ್‌ಗೆ ತಂದು, ಎಳೆದುಕೊಂಡು ಹೊರಟೇಬಿಡುತ್ತಾರೆ. ಮಾವ ಹಾಗಲ್ಲ. ಮೊದಲು ಗಾಲಿಗಳಿಗೆ ಕಲ್ಲು ಕೊಡುತ್ತಾನೆ. ಆಮೇಲೆ ಲಾರಿಯ ಕೆಳಗೆ ಅಂಗಾತ ಮಲಗುತ್ತಾನೆ. ಗೇರ್ ಬಾಕ್ಸಿನಿಂದ ಹಿಂದಿನ ಗಾಲಿಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ಬಿಚ್ಚಿ ಹೊರಗೆ ತೆಗೆಯುವವರೆಗೆ ಅವನ ಕ್ರೇನ್ ಒಂದು ಮಾರೂ ಮುಂದೆ ಹೋಗುವುದಿಲ್ಲ! ಸವದತ್ತಿಯ ಹತ್ತಿರ ಒಬ್ಬ ಡ್ರೈವರ್ ಇದನ್ನು ನೋಡಿ ತಲೆ ಚಚ್ಚಿಕೊಂಡನಂತೆ.

"ಮಾಲಕ್ರ, ನ್ಯೂಟ್ರಲ್ ಮಾಡೇನ್ರಿ. ಗ್ಯಾರೇಜ್ ಇಲ್ಲೇ ಐತಿ. ಸುಮ್ನ ಎಳೀರಿ!"

"ಇಂಜಿನ್ ನಿಂತೈತಿ ಖರೆ, ಗಾಲಿ ತಿರಗತಾವೋ ಇಲ್ಲೋ? ಗಾಲಿ ತಿರಗಿದ್ರ ಶಾಫ್ಟ್ ತಿರಗತೈತಿ, ಶಾಫ್ಟ್ ತಿರಗಿದ್ರ ಗೇರ್ ಬಾಕ್ಸಿನ ಹೊಟ್ಟಿ ತಿರಗತೈತಿ. ಎಣ್ಣಿ ಮಾತ್ರ ತಳದಾಗ ಮಲಗಿರತೈತಿ. ಅದನ್ನ ಮ್ಯಾಲೆ ಚಿಮ್ಮಸಾಕ ಇಂಜಿನ್ನ ಬೇಕು. ಒಳಗ ಎಲ್ಲಾ ಒಣಾ ತಿರಗಿ ಸುಟ್ಟು ಹೊಕ್ಕೈತಿ."

"ಮತ್ತ ಉಳದ ಮಂದಿ ಹಂಗ ಎಳೀತಾರಲ್ರಿ?"

"ಮಂದಿ ಬಾವಿಗೂ ಬೀಳತಾರ. ನೀನೂ ಬೀಳತೀ ಏನು?"

ಬಿಚ್ಚಿದ ಶಾಫ್ಟಿನ ಉಪಚಾರವನ್ನಂತೂ ಕೇಳಲೇಬೇಡಿ. ಅದರ ಕೀಲುಗಳಿಗೆ ಧೂಳು ತಾಗಬಾರದೆಂದು ಮಾವ ಅದನ್ನು ಅತ್ತೆ ಹೊದೆಯುವ ಕೌದಿಯಲ್ಲಿ ಸುತ್ತಿ ಗಾಡಿಯೊಳಗೆ ಮಲಗಿಸುತ್ತಾನೆ. ಕಿತ್ತೂರಿಗೆ ನೆಂಟರ ಬಸುರಿ ಹೆಣ್ಣಿನ ಕುಬಸದ ಊಟಕ್ಕೆ ಹೊರಟಿದ್ದಾಗ ದಾರಿಯಲ್ಲಿ ಹೀಗೊಂದು ಲಾರಿ ಗಂಟುಬಿತ್ತು. ಇಳಕಲ್ ಸೀರೆ ಉಟ್ಟು ಕಾಲ ಬುಡದಲ್ಲಿ ಶಾಫ್ಟು ಇಟ್ಟುಕೊಂಡು ಕುಳಿತ ಅತ್ತೆ ಸಿಡಿದಳು.

"ನನಗ ಥಂಡಿ ಹತ್ತಿದಾಗ ಒಂದ ಚಾದರಾ ಹೊಚ್ಚಲಿಲ್ಲ ನೀವು. ಈ ಕಬ್ಬಣಕ್ಕ ನನ್ನ ತವರಮನಿ ಕೌದಿ!"

"ನೀ ಕೆಡೂ ಪೈಕಿ ಅಲ್ಲ ಬಿಡು," ಎಂದ ಮಾವ.

ಹಾಗೆ ನೋಡಿದರೆ ಅವನ ಬಾಯಿಂದ ನಾವು ಕೇಳಿದ ಒಂದೇ ಒಂದು ಶುಭದ ಮಾತು ಅದು. ಅದೇ ಸುಳ್ಳಾಯಿತು.

ಈ ಮಳೆಗಾಲದ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ನನ್ನ ಮನೆ ಇರುವ ಬೈಲಹೊಂಗಲದ ದವಾಖಾನೆಗೇ ತಂದು ಸೇರಿಸಿದರು. ಮಾತು ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. "ಮಾತಾಡಸ್ತಾ ಇರ್ರಿ, ಆದ್ರ ಪೀಡಿಸಬ್ಯಾಡ್ರಿ" ಎಂದೂ ಹೇಳಿದರು. ನೋಡಲು ಬಂದ ನಮ್ಮ ನೆಂಟರು ಅದರಲ್ಲಿ ಅರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡರು. ಮಂಚದ ಸುತ್ತ ನಿಂತು, "ಯಕ್ಕಾ, ನಾ ಯಾರು ಹೇಳು? ಶಿವಾ ಅನ್ನು! ಅನ್ನಲಾ!" ಎಂದು ಗಂಟುಬಿದ್ದರು. ಅತ್ತೆಯ ಬಾಯಿ ಸೊಟ್ಟಗಾಗಿ ತೆರೆಯುತ್ತಿತ್ತು, ಶಬ್ದ ಬರುತ್ತಿರಲಿಲ್ಲ, ಕಣ್ಣಿಂದ ನೀರು ಬರುತ್ತಿತ್ತು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

"ಆಕಿನ್ನ ಎಳೀಬ್ಯಾಡ್ರಿ! ಒಳಗ ಸುಡತೈತಿ!" ಎಂದು ಮಾವ ಒಂದು ದಿನ ಎಲ್ಲರನ್ನೂ ಹೊರಗೆ ಅಟ್ಟಿದ. ಅವರೋ, ಹೆಂಡತಿಯನ್ನು ಲಾರಿ ಮಾಡಿದ ಮಹಾನುಭಾವ ಎಂದು ಊರೆಲ್ಲ ಹೇಳಿಕೊಂಡು ಹೋದರು. ಮಾವನಂತೂ ಅತ್ತೆಗೆ ಒಂದು ದಿನವೂ "ಮಾತಾಡು" ಅನ್ನಲಿಲ್ಲ. ಸಂಜೆ ಬಂದು ಸ್ಟೂಲಿನ ಮೇಲೆ ಕುಳಿತು, ಅಂದು ಎಳೆದ ಲಾರಿಯ ಪುರಾಣವನ್ನು ಮೊದಲಿಂದ ಕಡೆಯವರೆಗೆ ಒಪ್ಪಿಸಿ ಎದ್ದುಹೋಗುತ್ತಿದ್ದ. ಅತ್ತೆ ಗೋಡೆ ನೋಡುತ್ತ ಮಲಗಿರುತ್ತಿದ್ದಳು.

ಮನೆಗೆ ಕರೆದೊಯ್ಯುವ ದಿನ ಬಂತು. ಮಧ್ಯಾಹ್ನವೇ ಬರುತ್ತೇನೆಂದವನ ಸುಳಿವಿಲ್ಲ. ನಾನೇ ಫೋನ್ ಮಾಡಿದೆ.

"ತಂಗೀ, ಸಾಲಹಳ್ಳಿಯಿಂದ ಗೋವಿನಜೋಳ ಹೇರಿದ್ದ ಲಾರಿ ರಸ್ತಾದಾಗ ನಿಂತೈತಿ. ಶಾಫ್ಟ್ ಬಿಚ್ಚಾಕತ್ತೇನಿ."

"ಇವತ್ತೊಂದ ದಿನಾ ಹಂಗ ಎಳದಬಿಡ ಮಾವಾ! ಅತ್ತಿ ಬಾಗಲಾ ನೋಡಾಕತ್ತಾಳ!"

"ಹಂಗ ಎಳದ್ರ ಇವನ ಗೇರ್ ಬಾಕ್ಸ್ ಹೊಕ್ಕೈತವ್ವಾ. ಇವನ ಮನ್ಯಾಗೂ ಯಾರರ ಬಾಗಲಾ ನೋಡ್ತಿರತಾರ," ಎಂದು ಫೋನ್ ಇಟ್ಟುಬಿಟ್ಟ. ಇಂಥವನಿಗೆ ಏನು ಹೇಳುವುದು?

ಬಂದಾಗ ಸಂಜೆಯಾಗಿತ್ತು. ಬೆನ್ನೆಲ್ಲ ಕೆಸರು, ಮೊಣಕೈವರೆಗೆ ಗ್ರೀಸು. ತಡವಾಯಿತು ಎಂದೊಂದು ಮಾತು? ಇಲ್ಲ! ಸ್ಟೂಲು ಎಳೆದುಕೊಂಡು ಕುಳಿತು ಶುರುಮಾಡಿಯೇಬಿಟ್ಟ. "ಬೋಲ್ಟಿಗೆಲ್ಲಾ ಜಂಗ್ ಹಿಡದಿತ್ತು. ನಡುವ ಮಳಿ ಬಂತು. ಡ್ರೈವರ್ ನನ್ನ ಕೂಡ ಜಗಳಕ್ಕ ನಿಂತಾ..." ನನಗೆ ಸಿಟ್ಟು ನೆತ್ತಿಗೇರಿತ್ತು.

ಆಗ ಅತ್ತೆ ಗೋಡೆಯಿಂದ ಮುಖ ತಿರುಗಿಸಿದಳು. ತುಟಿ ಅಲುಗಿತು.

"ಉಂ..."

ಮಾವ ಮಾತು ನಿಲ್ಲಿಸಿದ. ನಾನು ಬಾಗಿ "ಅನ್ನು ಅತ್ತಿ" ಎನ್ನಹೋದೆ, ಅವನು ಕೈ ಅಡ್ಡ ಮಾಡಿದ. ಇಬ್ಬರೂ ಉಸಿರು ಹಿಡಿದು ಕಾದೆವು. ಅತ್ತೆಯ ಹಣೆಯ ಮೇಲೆ ಬೆವರು ಮೂಡಿತು.

"ಉಂ... ಉಂಡ್ರಿ?"

ಊಟ ಆಯಿತೇ ಎಂದು ಕೇಳುತ್ತಿದ್ದಾಳೆ!

ಮಾವ ಕಣ್ಣೊರೆಸಿಕೊಳ್ಳಲು ಹೋಗಿ ಗ್ರೀಸೆಲ್ಲ ಕೆನ್ನೆಗೆ ಬಳಿದುಕೊಂಡ. ಆಮೇಲೆ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿದ್ದ ಅವಳ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಎತ್ತಿಕೊಂಡ.

"ಇಲ್ಲ, ಉಂಡಿಲ್ಲ," ಎಂದ. "ಮನಿಗೆ ಹೋಗೂಣು ನಡಿ. ನೀನ ಬಡಸುವಂತಿ, ಈ ಕೈಲೇನ."